ಡೈವ್ ಕಂಪ್ಯೂಟರ್ ತಪ್ಪು ಲೆಕ್ಕ ಕೊಡ್ತಿದೆಯಾ? ಎಡವಟ್ಟು ಎಲ್ಲಿದೆ ಅಂತ ಹುಡುಕುವ ಬಗೆ

"ಟೇಬಲ್ ಪ್ರಕಾರ 30 ಮೀಟರ್ ಆಳದಲ್ಲಿ 20 ನಿಮಿಷ ಇರಬಹುದು. ನನ್ನ ಕಂಪ್ಯೂಟರ್ 12 ಅಂತಿದೆ. ಜೊತೆಗಾರನದ್ದು 15 ತೋರಿಸ್ತಿದೆ. ನನ್ನದು ಕೆಟ್ಟಿದೆಯಾ?"

ಡೈವ್ ಮುಗಿಸಿ ದೋಣಿ ಹತ್ತಿದ ಮೇಲೆ ಕೇಳಿಬರುವ ದೂರುಗಳಲ್ಲಿ ಇದು ಮಾಮೂಲು. ಬಹುಪಾಲು ಸಲ ಯಾರದ್ದೂ ಕೆಟ್ಟಿರುವುದಿಲ್ಲ. ಮೂರು ಅಂಕಿಗಳೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ ಇರುತ್ತವೆ.

ಡೈವ್ ಕಂಪ್ಯೂಟರ್ ಅಂದರೆ ಒತ್ತಡದಲ್ಲಿ ಮೈಗೆ ಸೇರುವ ನೈಟ್ರೋಜನ್ ಲೆಕ್ಕ ಹಾಕಿ, ನಡುವೆ ನಿಲ್ಲದೆ ನೇರ ಮೇಲೆ ಬರಬಹುದಾದ ಸಮಯ (ಎನ್‌ಡಿಎಲ್) ಎಷ್ಟು ಉಳಿದಿದೆ ಅಂತ ಹೇಳುವ ಯಂತ್ರ. ಇದೇ ಸಮಯವನ್ನು ಆಳಕ್ಕೆ ತಕ್ಕಂತೆ ಬರೆದಿಟ್ಟ ಪಟ್ಟಿಯೇ ಟೇಬಲ್. ಆದರೆ ಕಂಪ್ಯೂಟರಿಗೆ ನಿಮ್ಮ ಮೈಯಲ್ಲಿ ನಿಜಕ್ಕೂ ಎಷ್ಟು ನೈಟ್ರೋಜನ್ ಸೇರಿದೆ ಅಂತ ಗೊತ್ತಿಲ್ಲ. ಅದು ಅಳೆಯುವುದು ಮುಖ್ಯವಾಗಿ ಎರಡನ್ನು: ನೀರಿನ ಒತ್ತಡ ಮತ್ತು ಸಮಯ. ಉಳಿದದ್ದೆಲ್ಲ ನೀವು ಹೇಳಿದ್ದನ್ನು ನಂಬಿಕೊಂಡು ಮಾಡುವ ಲೆಕ್ಕ. ಯಾವ ಗ್ಯಾಸ್ ಅಂತ ನೀವು ಹೇಳಿದ್ದೀರಿ. ಲೆಕ್ಕ ಎಷ್ಟು ಬಿಗಿಯಾಗಿರಬೇಕು ಅಂತ ಹೇಳಿದ್ದೀರಿ. ಹಿಂದಿನ ಡೈವ್‌ಗಳಿಂದ ಮೈಯಲ್ಲಿ ಉಳಿದ ಬಾಕಿಯನ್ನು ಅದೇ ನೆನಪಿಟ್ಟುಕೊಂಡಿರುತ್ತದೆ. ಅಂದರೆ ಒಟ್ಟು ಐದು ಬಾಬತ್ತು: ಒತ್ತಡ, ಸಮಯ, ಗ್ಯಾಸ್, ಸೆಟ್ಟಿಂಗ್, ಬಾಕಿ. ಪರದೆ ಮೇಲಿನ ಅಂಕಿ ವಿಚಿತ್ರ ಅನ್ನಿಸಿದರೆ ಈ ಐದರಲ್ಲಿ ಯಾವುದು ನಿಜಕ್ಕೆ ಹೊಂದುತ್ತಿಲ್ಲ ಅಂತ ಹುಡುಕಬೇಕು. ಸರ್ವಿಸ್‌ಗೆ ಕಳಿಸುವ ಮಾತು ಆಮೇಲೆ.

ಮೊದಲು: ನೀರಿನಡಿ ಪತ್ತೇದಾರಿ ಬೇಡ

ಈ ಹುಡುಕಾಟವೆಲ್ಲ ದೋಣಿ ಮೇಲೆ, ದಡದ ಮೇಲೆ. ಆಳದಲ್ಲಿ ಗುಂಡಿ ಒತ್ತುತ್ತಾ ಮೆನು ತಡಕಾಡುತ್ತಾ ಕೂತರೆ ಅಷ್ಟು ಹೊತ್ತು ನೈಟ್ರೋಜನ್ ಏರುತ್ತಲೇ ಇರುತ್ತದೆ, ಗ್ಯಾಸ್ ಇಳಿಯುತ್ತಲೇ ಇರುತ್ತದೆ.

ಇಬ್ಬರ ಕಂಪ್ಯೂಟರ್ ಬೇರೆ ಬೇರೆ ಹೇಳಿದರೆ ಯಾವುದು ಬಿಗಿಯೋ ಅದರ ಮಾತು ಕೇಳಿ. ಪರದೆ ಪೂರ್ತಿ ಸತ್ತುಹೋದರೆ ಡೈವ್ ಮುಗಿಯಿತು. ಜೊತೆಗಾರನಿಗೆ ಸನ್ನೆ ಮಾಡಿ, ನಿಮಿಷಕ್ಕೆ 9 ಮೀಟರ್ ಮೀರದಂತೆ ಮೇಲೆ ಬನ್ನಿ, 5 ಮೀಟರ್‌ನಲ್ಲಿ ಕನಿಷ್ಠ 3 ನಿಮಿಷ ನಿಲ್ಲಿ. ಗ್ಯಾಸ್ ಇದ್ದರೆ ಇನ್ನೂ ಸ್ವಲ್ಪ ಹೊತ್ತು ನಿಂತರೆ ನಷ್ಟವಿಲ್ಲ. ಜೊತೆಗಾರನ ಕಂಪ್ಯೂಟರ್ ನೋಡಿ ಆಳವನ್ನೂ ವೇಗವನ್ನೂ ತಿಳಿಯಬಹುದು, ಆದರೆ ಅದರ ಎನ್‌ಡಿಎಲ್ ಅವನದ್ದು, ನಿಮ್ಮದಲ್ಲ. ಅವನು ಇಡೀ ಡೈವ್ ನಿಮಗಿಂತ ಮೂರು ಮೀಟರ್ ಮೇಲಿದ್ದಿರಬಹುದು.

ಡೆಕೊ ಸ್ಟಾಪ್ (ಎನ್‌ಡಿಎಲ್ ಮೀರಿದಾಗ ಮೇಲೆ ಬರುವ ದಾರಿಯಲ್ಲಿ ಕಡ್ಡಾಯವಾಗಿ ನಿಲ್ಲಬೇಕಾದದ್ದು) ಬಂದಿದೆ, ಕಂಪ್ಯೂಟರ್ ಇನ್ನೂ ಕೆಲಸ ಮಾಡ್ತಿದೆ ಅಂದರೆ ಅದು ಹೇಳಿದ ಆಳದಲ್ಲಿ, ಹೇಳಿದಷ್ಟು ಹೊತ್ತು ನಿಲ್ಲಬೇಕು. 'ಇದು ಜಾಸ್ತಿ ಆಯ್ತು' ಅಂತ ವಾದಿಸುವ ಜಾಗ ಅದಲ್ಲ. ಟೇಬಲ್ ಹಿಡಿದು ಡೈವ್ ಮಾಡುವವರಿಗೆ ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ ಟೇಬಲ್‌ನಲ್ಲೇ ನಿಯಮ ಇದೆ: ಮಿತಿ 5 ನಿಮಿಷದೊಳಗೆ ಮೀರಿದ್ದರೆ 5 ಮೀಟರ್‌ನಲ್ಲಿ 8 ನಿಮಿಷ ನಿಲ್ಲಬೇಕು, ಆಮೇಲೆ 6 ಗಂಟೆ ನೀರಿಗೆ ಇಳಿಯಬಾರದು. 5 ನಿಮಿಷಕ್ಕಿಂತ ಹೆಚ್ಚು ಮೀರಿದ್ದರೆ ಗ್ಯಾಸ್ ಇರುವ ತನಕ, ಕನಿಷ್ಠ 15 ನಿಮಿಷ ನಿಲ್ಲಬೇಕು, 24 ಗಂಟೆ ಡೈವ್ ಇಲ್ಲ.

ಮೇಲೆ ಬಂದ ಮೇಲೆ ಕೀಲು ನೋವು, ಮರಗಟ್ಟುವಿಕೆ, ಜುಮ್ಮೆನ್ನುವುದು, ಚರ್ಮದ ಮೇಲೆ ಕೆಂಪು ಬಲೆಯಂಥ ಕಲೆ, ತಲೆಸುತ್ತು, ಕಾರಣವಿಲ್ಲದ ವಿಪರೀತ ಸುಸ್ತು ಇವುಗಳಲ್ಲಿ ಏನೇ ಕಂಡರೂ ಈ ಕೈಪಿಡಿ ಪಕ್ಕಕ್ಕಿಡಿ. ಶುದ್ಧ ಆಕ್ಸಿಜನ್ ಕೊಡಿ, ಡೈವಿಂಗ್ ಗೊತ್ತಿರುವ ವೈದ್ಯರನ್ನು ಸಂಪರ್ಕಿಸಿ, ರಿಕಂಪ್ರೆಶನ್ ಚೇಂಬರ್ (ಮತ್ತೆ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ಕೋಣೆ) ಎಲ್ಲಿದೆ ಅಂತ ಕೇಳಿ. ಮತ್ತೆ ನೀರಿಗಿಳಿದು ಸರಿ ಮಾಡಿಕೊಳ್ತೀನಿ ಅನ್ನಬೇಡಿ. ಕಂಪ್ಯೂಟರ್ ಹಸಿರು ತೋರಿಸಿತ್ತಲ್ಲ ಅನ್ನುವುದು ಇಲ್ಲಿ ಸಾಕ್ಷಿಯೇ ಅಲ್ಲ. ಮಿತಿಯೊಳಗೇ ಇದ್ದು ಡಿಕಂಪ್ರೆಶನ್ ಕಾಯಿಲೆ (ಮೈಯಲ್ಲಿ ನೈಟ್ರೋಜನ್ ಗುಳ್ಳೆ ಕಟ್ಟಿ ಬರುವುದು) ಆದವರಿದ್ದಾರೆ.

ದೂರು 1: ಅಂದುಕೊಂಡದ್ದಕ್ಕಿಂತ ಎನ್‌ಡಿಎಲ್ ಕಮ್ಮಿ ಬರುತ್ತಿದೆ

20, 15, 12 ಅನ್ನುವ ಆ ಮೂರು ಅಂಕಿಗಳನ್ನೇ ಬಿಡಿಸಿ ನೋಡೋಣ.

1908ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ ಮೊದಲ ಡಿಕಂಪ್ರೆಶನ್ ಟೇಬಲ್ ಕೊಟ್ಟ. ಅವನು ದೇಹವನ್ನು ಐದು 'ಟಿಶ್ಯೂ' ಅಂತ ಭಾಗ ಮಾಡಿದ. ಕೆಲವು ಬೇಗ ತುಂಬುತ್ತವೆ, ಕೆಲವು ನಿಧಾನ. ಇವು ನಿಜವಾದ ಅಂಗಗಳಲ್ಲ, ಲೆಕ್ಕಕ್ಕೆ ಮಾಡಿಕೊಂಡ ಖಾತೆಗಳು. ಆಮೇಲೆ ಜ್ಯೂರಿಕ್‌ನಲ್ಲಿ ಆಲ್ಬರ್ಟ್ ಬ್ಯೂಲ್ಮನ್ ಇದನ್ನು 16 ಟಿಶ್ಯೂಗಳಿಗೆ ಬೆಳೆಸಿದರು. ಬೇಗದ್ದು 4–5 ನಿಮಿಷಕ್ಕೆ ಅರ್ಧ ತುಂಬುತ್ತದೆ, ನಿಧಾನದ್ದಕ್ಕೆ 635 ನಿಮಿಷ ಬೇಕು. ಇವತ್ತಿನ ಬಹಳಷ್ಟು ಕಂಪ್ಯೂಟರ್‌ಗಳ ಒಳಗೆ ಕೂತಿರುವುದು ಈ ಲೆಕ್ಕವೇ.

30 ಮೀಟರ್‌ನಲ್ಲಿ ಒತ್ತಡ 4 ಬಾರ್. ಗಾಳಿ ಉಸಿರಾಡುವವರ ಶ್ವಾಸಕೋಶದಲ್ಲಿ ನೈಟ್ರೋಜನ್ ಪಾಲು ಸುಮಾರು 3.1 ಬಾರ್. ನೀರಿಗಿಳಿಯುವ ಮೊದಲು ಮೈಯಲ್ಲಿದ್ದದ್ದು 0.74. ಈಗ 8 ನಿಮಿಷದ ಟಿಶ್ಯೂ ತೆಗೆದುಕೊಳ್ಳಿ. ಮೊದಲ 8 ನಿಮಿಷದಲ್ಲಿ ಈ ಅಂತರದ ಅರ್ಧ ತುಂಬುತ್ತದೆ, 16ಕ್ಕೆ ಮುಕ್ಕಾಲು. ಅಷ್ಟು ಹೊತ್ತಿಗೆ ಅದರ ಒತ್ತಡ 2.5 ಬಾರ್ ದಾಟಿರುತ್ತದೆ. ಈ ಟಿಶ್ಯೂ ಹೊತ್ತು ನೇರ ಮೇಲೆ ಬರಲು ಬ್ಯೂಲ್ಮನ್ ಇಟ್ಟ ಮಿತಿ ಕೂಡ ಹೆಚ್ಚುಕಡಿಮೆ ಅಷ್ಟೇ. ಅಂದರೆ ಲೆಕ್ಕಕ್ಕೆ ಏನೂ ಬಿಗಿ ಸೇರಿಸದಿದ್ದರೆ ಸುಮಾರು 16 ನಿಮಿಷ.

ಆದರೆ ಯಾರೂ ಹಾಗೆ ಅಂಚಿಗೆ ಹೋಗಿ ನಿಲ್ಲುವುದಿಲ್ಲ. ಅದಕ್ಕೇ ಗ್ರೇಡಿಯಂಟ್ ಫ್ಯಾಕ್ಟರ್ ಬಂದದ್ದು. 40/85 ಅಂತ ಎರಡು ಅಂಕಿ ಇರುತ್ತವೆ. ಎರಡನೆಯ 85 ಹೇಳುವುದಿಷ್ಟು: ಮೇಲೆ ಬರುವಾಗ ಮಿತಿಯ ನೂರರಲ್ಲಿ 85 ಪಾಲು ಮಾತ್ರ ಬಳಸು. ಅದನ್ನು ಹಾಕಿ ಲೆಕ್ಕ ಮಾಡಿದರೆ ಗಾಳಿಯಲ್ಲಿ 30 ಮೀಟರ್‌ಗೆ ಸುಮಾರು 12 ನಿಮಿಷ ಸಿಗುತ್ತದೆ. 95 ಇಟ್ಟರೆ ಸುಮಾರು 15, 75 ಇಟ್ಟರೆ ಸುಮಾರು 9. ಡೈವ್ ಕಂಪ್ಯೂಟರ್ ಮಾಡುವ ಶಿಯರ್‌ವಾಟರ್‌ನವರ ರಿಕ್ರಿಯೇಷನಲ್ ಮೋಡ್‌ನಲ್ಲಿ ಇರುವ 45/95, 40/85, 35/75 ಅನ್ನುವ ಮೂರು ಆಯ್ಕೆಗಳು ಇವೇ. ನಿಮ್ಮ 12, ಜೊತೆಗಾರನ 15 ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ?

ಟೇಬಲ್‌ನ 20 ಬೇರೆ ಕಥೆ. ಅದು ಇಡೀ ಡೈವನ್ನು ಅತಿ ಆಳದಲ್ಲೇ ಕಳೆದೆ ಅಂತ ಲೆಕ್ಕ ಹಾಕುತ್ತದೆ. 30 ಮುಟ್ಟಿ ತಕ್ಷಣ 15ಕ್ಕೆ ಬಂದು ಅರ್ಧ ಗಂಟೆ ಕಳೆದರೂ ಅದಕ್ಕೆ 30ರ ಲೆಕ್ಕವೇ. ಕಂಪ್ಯೂಟರ್ ಹಾಗಲ್ಲ. ಆಳದಲ್ಲಿ ಅದು ಜಿಪುಣ ಅನ್ನಿಸಬಹುದು, ಮೇಲೆ ಬರುತ್ತಾ ಬರುತ್ತಾ ಸಮಯ ವಾಪಸ್ ಕೊಡುತ್ತದೆ. ಎರಡನ್ನೂ ಬೆರೆಸಿ, ಆಳದಲ್ಲಿ ಟೇಬಲ್‌ನ 20 ಮೇಲೆ ಕಂಪ್ಯೂಟರ್‌ನ ಉದಾರ ಸಮಯ ಅಂತ ಎರಡು ಕಡೆಯ ಲಾಭ ತೆಗೆದುಕೊಳ್ಳಲು ಹೋಗುವವರಿದ್ದಾರೆ. ಅದು ಮೋಸದ ಲೆಕ್ಕ, ಮೋಸ ಹೋಗುವವರು ತಾವೇ.

ಹಾಗಾಗಿ ಇಲ್ಲಿ ನೋಡಬೇಕಾದ ಮೊದಲ ಜಾಗ ಕನ್ಸರ್ವೆಟಿಸಂ (ಲೆಕ್ಕದ ಬಿಗಿ) ಮೆನು. ಸುಂಟೋ ಕಂಪನಿಯ ಹಲವು ಮಾದರಿಗಳಲ್ಲಿ ಪಿ0, ಪಿ1, ಪಿ2 ಅಂತ ಇರುತ್ತದೆ, ಬೇರೆಯವರು ಗ್ರೇಡಿಯಂಟ್ ಫ್ಯಾಕ್ಟರ್ ಅಂಕಿಯನ್ನೇ ತೋರಿಸುತ್ತಾರೆ. ಬಾಡಿಗೆ ಕಂಪ್ಯೂಟರ್ ಆದರೆ ಹಿಂದಿನವರು ಏನು ಮಾಡಿಟ್ಟಿದ್ದಾರೋ ದೇವರೇ ಬಲ್ಲ. ಇನ್ನೊಂದು ಸುಳಿವು: ಮೊದಲ ಅಂಕಿ ಬದಲಿಸಿ ಎನ್‌ಡಿಎಲ್ ಬದಲಾಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಅಂಕಿ ತೀರ್ಮಾನಿಸುವುದು ಡೆಕೊ ಬಂದಾಗ ಮೊದಲ ಸ್ಟಾಪ್ ಎಷ್ಟು ಆಳದಲ್ಲಿ ಅಂತ. ಎನ್‌ಡಿಎಲ್ ಎರಡನೆಯದರ ಕೈಯಲ್ಲಿದೆ.

ಮನೆಯಲ್ಲಿ ಫೋನ್ ಆ್ಯಪ್‌ನಲ್ಲಿ ಹಾಕಿದ ಪ್ಲಾನ್‌ಗೂ ಕೈಗಡಿಯಾರಕ್ಕೂ ಹೊಂದುತ್ತಿಲ್ಲ ಅನ್ನುವ ದೂರಿಗೂ ಇದೇ ಮದ್ದು. ಆ್ಯಪ್‌ನಲ್ಲಿ ಗ್ಯಾಸ್, ಗ್ರೇಡಿಯಂಟ್ ಫ್ಯಾಕ್ಟರ್, ಮೇಲ್ಮೈ ವಿರಾಮ, ಎತ್ತರ ಇವೆಲ್ಲ ಅದರದ್ದೇ ಡೀಫಾಲ್ಟ್ ಇರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೊಂದಿಸಿ. ಅದಾದ ಮೇಲೂ ಎರಡು ಮೂರು ನಿಮಿಷ ವ್ಯತ್ಯಾಸ ಉಳಿದರೆ ಅದು ದೋಷ ಅಲ್ಲ. ಇಳಿಯುವ ವೇಗವನ್ನು ಹೇಗೆ ಲೆಕ್ಕ ಹಿಡಿದಿದ್ದಾರೆ ಅನ್ನುವುದರಿಂದಲೇ ಅಷ್ಟು ಬರುತ್ತದೆ. ಎರಡರ ಒಳಗಿನ ಮಾದರಿಯೇ ಬೇರೆ ಇದ್ದರಂತೂ ಹೊಂದಿಸಲು ಹೋಗಲೇಬೇಡಿ.

ಕೆಲವು ಮಾದರಿಗಳು ತಾವಾಗಿಯೇ ಬಿಗಿಯಾಗುತ್ತವೆ. ಹಿಂದಿನ ಡೈವ್‌ನಲ್ಲಿ ಜೋರಾಗಿ ಮೇಲೆ ಬಂದಿದ್ದರೆ, ಮೇಲೆ ಕೆಳಗೆ ಮೇಲೆ ಕೆಳಗೆ ಅಂತ ಓಲಾಡಿದ್ದರೆ, ಮುಂದಿನ ಡೈವ್‌ನಲ್ಲಿ ಸಮಯ ಕಡಿತ. ಲಾಗ್‌ನಲ್ಲಿ ವೇಗದ ಎಚ್ಚರಿಕೆ ದಾಖಲಾಗಿದೆಯಾ ನೋಡಿ.

ದೂರು 2: ಅಂದುಕೊಂಡದ್ದಕ್ಕಿಂತ ಎನ್‌ಡಿಎಲ್ ಜಾಸ್ತಿ ಬರುತ್ತಿದೆ

ಯಾರೂ ಇದನ್ನು ದೂರು ಅಂತ ತರುವುದಿಲ್ಲ. ಖುಷಿಯಾಗಿ ಡೈವ್ ಮಾಡಿ ಬರುತ್ತಾರೆ. ನನ್ನ ಪ್ರಕಾರ ಹೆಚ್ಚು ಹೆದರಬೇಕಾದದ್ದು ಇದಕ್ಕೇ.

ಮೊದಲು ಗ್ಯಾಸ್ ನೋಡಿ. ಅದೇ 30 ಮೀಟರ್, ಅದೇ 85ರ ಸೆಟ್ಟಿಂಗ್. ಗಾಳಿಗೆ 12 ನಿಮಿಷ ಆದರೆ 32 ಪರ್ಸೆಂಟ್ ನೈಟ್ರಾಕ್ಸ್‌ಗೆ (ನೂರರಲ್ಲಿ 32 ಪಾಲು ಆಕ್ಸಿಜನ್ ಇರುವ ಗ್ಯಾಸ್‌ಗೆ) ಸುಮಾರು 19. ನಿನ್ನೆ ನೈಟ್ರಾಕ್ಸ್ ಡೈವ್ ಮಾಡಿ ಕಂಪ್ಯೂಟರ್‌ನಲ್ಲಿ 32 ಹಾಗೇ ಉಳಿದಿದೆ, ಇವತ್ತು ಬೆನ್ನ ಮೇಲಿರುವುದು ಬರೀ ಗಾಳಿ ಅಂದುಕೊಳ್ಳಿ. ಕಂಪ್ಯೂಟರ್ 19 ಅನ್ನುತ್ತದೆ, ನೀವು ನಂಬಿ 18ಕ್ಕೆ ಹೊರಡುತ್ತೀರಿ. ಆಗಲೇ ಆರು ನಿಮಿಷ ಡೆಕೊ ಒಳಗಿದ್ದೀರಿ. ಒಂದೂ ಅಲಾರಂ ಹೊಡೆದಿಲ್ಲ, ಒಂದೂ ಸ್ಟಾಪ್ ತೋರಿಸಿಲ್ಲ. ಯಂತ್ರ ಮಾತ್ರ ನೂರಕ್ಕೆ ನೂರು ಸರಿಯಾಗಿ ಕೆಲಸ ಮಾಡಿದೆ.

ಉಲ್ಟಾ ತಪ್ಪು, ಅಂದರೆ ಟ್ಯಾಂಕ್‌ನಲ್ಲಿ 32 ಇದ್ದು ಕಂಪ್ಯೂಟರ್‌ನಲ್ಲಿ ಗಾಳಿ ಅಂತ ಇದ್ದರೆ ನೈಟ್ರೋಜನ್ ಕಡೆಯಿಂದ ತೊಂದರೆ ಇಲ್ಲ, ಸಮಯ ಮಾತ್ರ ನಷ್ಟ. ಆದರೆ ಆಕ್ಸಿಜನ್ ಕಡೆ ಅದು ಕುರುಡು. ಒತ್ತಡ ಹೆಚ್ಚಿದರೆ ಆಕ್ಸಿಜನ್ ಕೂಡ ವಿಷವಾಗುತ್ತದೆ. ಅದರ ಒತ್ತಡಕ್ಕೆ 1.4 ಬಾರ್ ಮಿತಿ ಹಿಡಿದರೆ 32 ಪರ್ಸೆಂಟ್‌ಗೆ ತಳ ಸುಮಾರು 33 ಮೀಟರ್, 36 ಪರ್ಸೆಂಟ್‌ಗೆ 28–29. ಗಾಳಿ ಅಂದುಕೊಂಡ ಕಂಪ್ಯೂಟರ್ ಅಲ್ಲಿ ತುಟಿ ಪಿಟಕ್ ಅನ್ನುವುದಿಲ್ಲ.

ಈ ಎರಡರ ಮಧ್ಯೆ ಒಂದು ವಿಚಿತ್ರ ಲಕ್ಷಣ ಇದೆ, ಬಹಳ ಜನರನ್ನು ಕಾಡುತ್ತದೆ: ಎರಡನೇ ಡೈವ್‌ನಲ್ಲಿ ಬರೀ 18 ಮೀಟರ್‌ಗೆ ಆಕ್ಸಿಜನ್ ಅಲಾರಂ ಕಿರುಚುತ್ತದೆ, ಜೊತೆಗೆ ಎನ್‌ಡಿಎಲ್ ಗಾಳಿಯಷ್ಟೇ ಕಮ್ಮಿ. ಟ್ಯಾಂಕ್‌ನಲ್ಲಿರುವುದು 32. ಕೆಟ್ಟಿದೆ ಅಂತ ತೀರ್ಮಾನ ಮಾಡಬೇಡಿ. ಕೆಲವು ಕಂಪ್ಯೂಟರ್‌ಗಳು ಮೊದಲ ನೈಟ್ರಾಕ್ಸ್ ಡೈವ್ ಆದ ಮೇಲೆ ಗ್ಯಾಸ್ ಮತ್ತೆ ಹಾಕದಿದ್ದರೆ ಅತಿ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತವೆ. ನೈಟ್ರೋಜನ್ ಲೆಕ್ಕಕ್ಕೆ 79 ಪರ್ಸೆಂಟ್, ಆಕ್ಸಿಜನ್ ಲೆಕ್ಕಕ್ಕೆ 50 ಪರ್ಸೆಂಟ್. 50 ಪರ್ಸೆಂಟ್ ಗ್ಯಾಸ್ 1.4 ಬಾರ್ ಮುಟ್ಟುವುದು ಸರಿಯಾಗಿ 18 ಮೀಟರ್‌ನಲ್ಲಿ. ಅಲಾರಂ ಹೊಡೆದ ಆಳವೇ ಕಾರಣ ಹೇಳಿಬಿಡುತ್ತದೆ. ಮೆನುವಿನಲ್ಲಿ ಈ ಡೀಫಾಲ್ಟ್ ಬೇಡ ಅನ್ನುವ ಆಯ್ಕೆ ಇದ್ದರೂ ಅದನ್ನು ಹಾಗೇ ಬಿಡುವುದು ವಾಸಿ. ಪ್ರತಿ ಡೈವ್‌ಗೂ ಗ್ಯಾಸ್ ಹಾಕುವ ಅಭ್ಯಾಸ ಅದರಿಂದಲೇ ಬರುತ್ತದೆ.

ಮೂರನೆಯದು ಒಂದಕ್ಕಿಂತ ಹೆಚ್ಚು ಗ್ಯಾಸ್ ಹಾಕಬಹುದಾದ ಕಂಪ್ಯೂಟರ್ ಇದ್ದವರಿಗೆ. ಹಿಂದೆ ಯಾವತ್ತೋ ಡೆಕೊಗೆ ಅಂತ 50 ಪರ್ಸೆಂಟ್ ಗ್ಯಾಸ್ ಆನ್ ಮಾಡಿಟ್ಟಿದ್ದೀರಿ. ಇವತ್ತು ಆ ಟ್ಯಾಂಕ್ ಜೊತೆಗಿಲ್ಲ. ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಮೇಲೆ ಬರುವಾಗ 21 ಮೀಟರ್ ಹತ್ತಿರ ನೀವು ಅದಕ್ಕೆ ಬದಲಾಯಿಸುತ್ತೀರಿ ಅಂತ ನಂಬಿ, ಮೇಲೆ ಬರಲು ಬೇಕಾದ ಒಟ್ಟು ಸಮಯವನ್ನು ಕಮ್ಮಿ ತೋರಿಸುತ್ತದೆ. 21 ದಾಟಿದ ಮೇಲೆ ಬದಲಾಯಿಸದೇ ಇದ್ದಾಗ ಆ ಸಮಯ ದಿಢೀರ್ ಏರುತ್ತದೆ. ಇಳಿಯಬೇಕಾದ ಅಂಕಿ ಮಧ್ಯ ನೀರಿನಲ್ಲಿ ಏರುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಗ್ಯಾಸ್ ತಪ್ಪು ಹಿಡಿಯುವುದು ಸುಲಭ. ಲಾಗ್ ತೆರೆದು ಆ ಡೈವ್‌ಗೆ ಎಷ್ಟು ಆಕ್ಸಿಜನ್ ದಾಖಲಾಗಿದೆ ನೋಡಿ, ಟ್ಯಾಂಕ್ ಮೇಲಿನ ಟೇಪ್ ಜೊತೆ ಹೋಲಿಸಿ. ತಪ್ಪಾಗದಂತೆ ಮಾಡುವುದೂ ಸುಲಭ. ಆಕ್ಸಿಜನ್ ಅಳೆಯುವ ಅನಲೈಸರ್ ಅನ್ನು ಗಾಳಿಯಲ್ಲಿ 20.9ಕ್ಕೆ ಹೊಂದಿಸಿ, ಟ್ಯಾಂಕ್ ಅಳೆದು, ಟೇಪ್ ಮೇಲೆ ಪರ್ಸೆಂಟ್ ಮತ್ತು ಗರಿಷ್ಠ ಆಳ ಬರೆದು, ಅಲ್ಲೇ ನಿಂತುಕೊಂಡೇ ಕಂಪ್ಯೂಟರ್‌ಗೆ ಹಾಕಿ. ಆಮೇಲೆ ಮೆನುವಿನಿಂದ ಹೊರಬಂದು ಮುಖ್ಯ ಪರದೆಯಲ್ಲಿ ಓದಿ. ಸೇವ್ ಆಗದೆ ಹಳೆಯದೇ ಉಳಿಯುವುದು ನಾವು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಗಾಳಿ ಉಸಿರಾಡಿದ ಡೈವ್ ನೈಟ್ರಾಕ್ಸ್ ಅಂತ ದಾಖಲಾಗಿದ್ದು ಮೇಲೆ ಬಂದಮೇಲೆ ಗೊತ್ತಾದರೆ, ಅವತ್ತಿಗೆ ಆ ಕಂಪ್ಯೂಟರ್‌ನ ಲೆಕ್ಕವೇ ಸುಳ್ಳು. ಅದರ ಬಾಕಿ ಖಾತೆ ನಿಜಕ್ಕಿಂತ ಕಮ್ಮಿ ಇದೆ. ಗ್ಯಾಸ್ ಸೆಟ್ಟಿಂಗ್ ಈಗ ಸರಿ ಮಾಡಿದರೂ ಹಳೆಯ ಡೈವ್ ಸರಿಯಾಗುವುದಿಲ್ಲ. ಕನಿಷ್ಠ 24 ಗಂಟೆ ನೀರಿಗಿಳಿಯದೆ, ಮೈ ಮೇಲೆ ಗಮನವಿಟ್ಟು ಇರಿ.

ಎನ್‌ಡಿಎಲ್ ಜಾಸ್ತಿ ಬರಲು ಇನ್ನೊಂದು ಕಾರಣ ಬಾಕಿ ಅಳಿಸಿಹೋಗಿರುವುದು. ಕೆಲವು ಮಾದರಿಗಳಲ್ಲಿ ಬ್ಯಾಟರಿ ತೆಗೆದರೆ ನೆನಪೆಲ್ಲ ಹೋಗುತ್ತದೆ, ನೀವು ವಾರದಿಂದ ನೀರು ಮುಟ್ಟಿಲ್ಲ ಅನ್ನುವಂತೆ ಹೊಸದಾಗಿ ಶುರು. ಬೆಳಿಗ್ಗೆ ಒಂದು ಕಂಪ್ಯೂಟರ್, ಮಧ್ಯಾಹ್ನ ಇನ್ನೊಂದು ಕಟ್ಟಿಕೊಂಡರೂ ಅದೇ ಕಥೆ. ಪರೀಕ್ಷೆ ಹೀಗೆ: ಮೊದಲ ಡೈವ್ ಆಗಿ ಒಂದು ಗಂಟೆ ಬಿಟ್ಟು ಕಂಪ್ಯೂಟರ್‌ನ ಪ್ಲಾನರ್ (ಮುಂದಿನ ಡೈವ್‌ನ ಎನ್‌ಡಿಎಲ್ ತೋರಿಸುವ ಮೆನು) ತೆರೆಯಿರಿ. 18 ಮೀಟರ್‌ಗೆ ಬೆಳಿಗ್ಗೆ ಎಷ್ಟಿತ್ತೋ ಈಗಲೂ ಅಷ್ಟೇ ಇದೆ, ವಿಮಾನ ಹತ್ತಬೇಡ ಅನ್ನುವ ಗುರುತೂ ಇಲ್ಲ ಅಂದರೆ ಬಾಕಿ ಅಳಿಸಿದೆ. ಇಲ್ಲಿ 18 ಮೀಟರ್ ಯಾಕೆ, 30 ಯಾಕಲ್ಲ? ಆಳದ ಎನ್‌ಡಿಎಲ್ ಬೇಗದ ಟಿಶ್ಯೂಗಳ ಕೈಯಲ್ಲಿದೆ. 5 ನಿಮಿಷದ ಟಿಶ್ಯೂಗೆ ಒಂದು ಗಂಟೆ ಅಂದರೆ ಹನ್ನೆರಡು ಸಲ ಅರ್ಧ ಅರ್ಧ ಇಳಿದ ಹಾಗೆ, ಅದು ಹೇಗೂ ಖಾಲಿ. 109 ನಿಮಿಷದ ಟಿಶ್ಯೂ ಅದೇ ಗಂಟೆಯಲ್ಲಿ ಮೂರನೇ ಒಂದರಷ್ಟೂ ಇಳಿದಿರುವುದಿಲ್ಲ. ಹಾಗಾಗಿ ಬಾಕಿಯ ಗುಟ್ಟು ರಟ್ಟಾಗುವುದು ಮಧ್ಯಮ ಆಳದಲ್ಲಿ. 30ರ ಅಂಕಿ ಎರಡು ಡೈವ್‌ಗೂ ಹತ್ತಿರ ಹತ್ತಿರ ಇದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಒಂದು ಅಡ್ಡ ಮಾತು. ಎನ್‌ಡಿಎಲ್ ಜಾಸ್ತಿ ಇದೆ ಅಂದಮಾತ್ರಕ್ಕೆ ಅಷ್ಟು ಹೊತ್ತು ಇರಬಹುದು ಅಂತಲ್ಲ. 12 ಲೀಟರ್ ಟ್ಯಾಂಕ್, 200 ಬಾರ್, ಅದರಲ್ಲಿ 50 ಬಾರ್ ಮೀಸಲು. ಉಳಿದದ್ದು 1800 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 30 ಮೀಟರ್‌ನಲ್ಲಿ 80 ಎಳೆಯುತ್ತಾರೆ, 22 ನಿಮಿಷಕ್ಕೆ ಮುಗಿಯಿತು. 18 ಮೀಟರ್‌ನಲ್ಲಿ 56, ಅಂದರೆ 32 ನಿಮಿಷ. ಆದರೆ 18 ಮೀಟರ್‌ಗೆ ಗಾಳಿಯ ಎನ್‌ಡಿಎಲ್ 85ರ ಸೆಟ್ಟಿಂಗ್‌ನಲ್ಲೂ 40 ದಾಟುತ್ತದೆ. ಆಳದಲ್ಲಿ ಮೊದಲು ಮುಗಿಯುವುದು ಎನ್‌ಡಿಎಲ್, ಮೇಲಕ್ಕೆ ಬಂದಂತೆ ಮೊದಲು ಮುಗಿಯುವುದು ಗ್ಯಾಸ್. ಪ್ಲಾನ್ ಮಾಡುವಾಗ ಎರಡನ್ನೂ ಬರೆದು ಚಿಕ್ಕದನ್ನು ಹಿಡಿಯಿರಿ.

ದೂರು 3: ಇಬ್ಬರೂ ಒಂದೇ ಜಾಗದಲ್ಲಿದ್ದರೂ ಆಳ ಬೇರೆ ಬೇರೆ

ಇದಕ್ಕೊಂದು ಚೆಂದದ ಪರೀಕ್ಷೆ ಇದೆ. ಎರಡೂ ಕಂಪ್ಯೂಟರನ್ನು ಒಂದೇ ಹಗ್ಗಕ್ಕೆ ಪಕ್ಕಪಕ್ಕ ಕಟ್ಟಿ. 5 ಮೀಟರ್‌ನಲ್ಲಿ ಎರಡರ ಅಂಕಿ ಬರೆದುಕೊಳ್ಳಿ, 20ರಲ್ಲಿ ಮತ್ತೆ ಬರೆಯಿರಿ.

5ರಲ್ಲಿ ವ್ಯತ್ಯಾಸ 0.1, 20ರಲ್ಲಿ 0.5 ಹೀಗೆ ಆಳದ ಜೊತೆ ಬೆಳೆಯುತ್ತಿದ್ದರೆ ಒಂದು ಉಪ್ಪು ನೀರು ಅಂತ ಇದೆ, ಇನ್ನೊಂದು ಸಿಹಿ ನೀರು ಅಂತ ಇದೆ. ಸಮುದ್ರದ ನೀರು ಸುಮಾರು 2.5 ಪರ್ಸೆಂಟ್ ಜಾಸ್ತಿ ಭಾರ. ಯುರೋಪಿನ ಇಎನ್ 13319 ಮಾನದಂಡ ಹಿಡಿದವು ಇವೆರಡರ ನಡುವಿನ ಸಾಂದ್ರತೆ ಬಳಸುತ್ತವೆ. ಗಾಬರಿ ಬೇಡ. ಬಹುಪಾಲು ಕಂಪ್ಯೂಟರ್‌ಗಳು ನೈಟ್ರೋಜನ್ ಲೆಕ್ಕವನ್ನು ಒತ್ತಡದಿಂದ ನೇರವಾಗಿ ಮಾಡುತ್ತವೆ, ಮೀಟರ್ ಅನ್ನುವುದು ನಮಗೆ ತೋರಿಸಲು ಮಾತ್ರ. ಆಳದ ಅಂಕಿ ಬೇರೆ ಇದ್ದರೂ ಎನ್‌ಡಿಎಲ್ ಬದಲಾಗುವುದಿಲ್ಲ.

5ರಲ್ಲೂ 0.6, 20ರಲ್ಲೂ 0.6 ಹೀಗೆ ಒಂದೇ ವ್ಯತ್ಯಾಸ ಇದ್ದರೆ ಸಮಸ್ಯೆ ಸೊನ್ನೆಯಲ್ಲಿದೆ. ಯಾವುದೋ ಒಂದು ಕಂಪ್ಯೂಟರ್ ಮೇಲ್ಮೈ ಒತ್ತಡವನ್ನು ತಪ್ಪು ಹಿಡಿದಿದೆ. ನೀರಿಗೆ ಹಾರಿದ ಮೇಲೆ ಆನ್ ಮಾಡಿದ್ದೀರಾ? ಬೆಟ್ಟದ ಮೇಲಿನ ಕೆರೆಯಿಂದ ಬಂದ ಕಂಪ್ಯೂಟರ್‌ನಲ್ಲಿ ಎತ್ತರದ ಸೆಟ್ಟಿಂಗ್ ಹಾಗೇ ಇದೆಯಾ? 2000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 0.8 ಬಾರ್, ಸಮುದ್ರಮಟ್ಟಕ್ಕಿಂತ 0.2 ಕಮ್ಮಿ. ಅಷ್ಟು ತಪ್ಪಿದರೆ ಆಳದಲ್ಲಿ 2 ಮೀಟರ್ ಹೋಯಿತು. ಎತ್ತರದಲ್ಲಿ ಎನ್‌ಡಿಎಲ್ ಕೂಡ ಕಮ್ಮಿಯಾಗಬೇಕು, ಯಾಕೆಂದರೆ ವಾಪಸ್ ಬರುವುದು ಕಮ್ಮಿ ಒತ್ತಡಕ್ಕೆ. ಕೆಲವು ಕಂಪ್ಯೂಟರ್‌ಗಳು ಇದನ್ನು ತಾವೇ ಹಿಡಿಯುತ್ತವೆ, ಕೆಲವಕ್ಕೆ ಕೈಯಾರೆ ಹೇಳಬೇಕು. 300 ಮೀಟರ್ ದಾಟಿದ ಜಾಗದಲ್ಲಿ ಡೈವ್ ಅಂದರೆ ನಿಮ್ಮದು ಯಾವ ಥರದ್ದು ಅಂತ ಮೊದಲೇ ತಿಳಿದುಕೊಳ್ಳಿ.

ಸೆಟ್ಟಿಂಗ್ ಎಲ್ಲ ಸರಿಯಿದ್ದು, ಒಣ ಮೇಜಿನ ಮೇಲೆ ಇಟ್ಟಾಗಲೂ 0.9 ಮೀಟರ್ ಅಂತ ತೋರಿಸುತ್ತಿದ್ದರೆ ಸೆನ್ಸರ್ ನೋಡುವ ಸಮಯ. ಹಿಂಬದಿಯ ಸಣ್ಣ ತೂತುಗಳಲ್ಲಿ ಉಪ್ಪು ಕಟ್ಟಿರಬಹುದು. ಬೆಚ್ಚಗಿನ ಸಿಹಿ ನೀರಿನಲ್ಲಿ ರಾತ್ರಿ ನೆನೆಸಿ. ಪಿನ್ ಹಾಕಿ ಕೆದಕಬೇಡಿ. ಟ್ಯಾಂಕ್‌ನ ಗಾಳಿ ಊದಬೇಡಿ, ಒಳಗಿನ ತೆಳು ಪೊರೆ ಹರಿದರೆ ಅಲ್ಲಿಗೆ ಕಥೆ ಮುಗಿಯಿತು. ನೆನೆಸಿದ ಮೇಲೂ ಹಾಗೇ ಇದ್ದರೆ ಅದು ನಿಜವಾದ ದೋಷ. ಆ ಕಂಪ್ಯೂಟರ್ ಇನ್ನು ನೀರಿಗೆ ಬೇಡ.

ದೂರು 4: ನಿಧಾನವಾಗಿ ಬಂದರೂ ವೇಗದ ಅಲಾರಂ

ಕೈ ನೋಡಿಕೊಳ್ಳಿ. ಬಿಸಿಡಿಯ (ತೇಲಲು ಗಾಳಿ ತುಂಬುವ ಜಾಕೆಟ್‌ನ) ಗಾಳಿ ಬಿಡಲು ಎಡಗೈ ತಲೆ ಮೇಲೆ ಎತ್ತುತ್ತೀರಿ, ಕಂಪ್ಯೂಟರ್ ಕಟ್ಟಿರುವುದೂ ಅದೇ ಕೈಗೆ. ಎರಡು ಸೆಕೆಂಡಿನಲ್ಲಿ ಅರ್ಧ ಮೀಟರ್ ಮೇಲೆ ಹೋದರೆ ಅದು ನಿಮಿಷಕ್ಕೆ 15 ಮೀಟರ್ ವೇಗ. ಕಂಪ್ಯೂಟರಿಗೆ ಕೈ ಬೇರೆ ಮೈ ಬೇರೆ ಅಂತ ಗೊತ್ತಿಲ್ಲ. ಲಾಗ್‌ನ ಗೆರೆ ಗರಗಸದ ಹಲ್ಲಿನಂತೆ ಕಂಡರೆ ಇದೇ. ಗೆರೆ ನುಣ್ಣಗೆ, ಕಡಿದಾಗಿ ಏರಿದ್ದರೆ ಅಲಾರಂ ನಿಜ ಹೇಳಿದೆ. ಕೊನೆಯ 5 ಮೀಟರ್‌ನಲ್ಲಿ ಹೆಚ್ಚಿನವರ ಗೆರೆ ಕಡಿದಾಗಿಯೇ ಇರುತ್ತದೆ.

ದೂರು 5: ಡೈವ್ ಆದ ಮೇಲೆ ಬರೀ ಆಳ, ಸಮಯ ಅಷ್ಟೇ ತೋರಿಸ್ತಿದೆ

ಇದು ಲಾಕ್ ಆಗಿರುವುದು, ಕೆಟ್ಟಿರುವುದಲ್ಲ. ಡೆಕೊ ಸ್ಟಾಪ್ ಬಿಟ್ಟು ಮೇಲೆ ಬಂದಿದ್ದೀರಿ, ಅಥವಾ ಅದರ ಲೆಕ್ಕ ಒಪ್ಪದ ಇನ್ನೇನೋ ಆಗಿದೆ. ಮಾದರಿಗೆ ತಕ್ಕಂತೆ 24 ಅಥವಾ 48 ಗಂಟೆ ಎನ್‌ಡಿಎಲ್ ಕೊಡುವುದಿಲ್ಲ. ಲಾಗ್‌ನಲ್ಲಿ ಕಾರಣ ಬರೆದಿರುತ್ತದೆ. ಬ್ಯಾಟರಿ ತೆಗೆದು ಹಾಕಿ ಬಿಡಿಸಿಕೊಳ್ಳುವ ಉಪಾಯ ಹೇಳುವ ಜಾಣರು ಪ್ರತಿ ದೋಣಿಯಲ್ಲೂ ಒಬ್ಬರಿರುತ್ತಾರೆ. ಬೇರೆ ಕಂಪ್ಯೂಟರ್ ಕಟ್ಟಿಕೊಂಡು ಇಳಿ ಅನ್ನುವವರೂ ಇರುತ್ತಾರೆ. ಎರಡರಿಂದಲೂ ಅಳಿಸಿಹೋಗುವುದು ಯಂತ್ರದ ನೆನಪು ಮಾತ್ರ, ಮೈಯಲ್ಲಿರುವ ನೈಟ್ರೋಜನ್ ಅಲ್ಲ.

ವಿಮಾನದ ಗುರುತು 24 ಗಂಟೆ ತೋರಿಸುತ್ತಿದೆ, ಪಕ್ಕದವರದ್ದು 12 ಅಂತಿದೆ ಅನ್ನುವುದೂ ದೋಷವಲ್ಲ. ಕೆಲವು ಸುಮ್ನೆ 24 ಎಣಿಸುತ್ತವೆ. ಡೈವರ್‌ಗಳ ಸುರಕ್ಷತೆಗಾಗಿ ಇರುವ ಡ್ಯಾನ್ ಸಂಸ್ಥೆಯ ಮಾರ್ಗಸೂಚಿ ಹೀಗಿದೆ: ಡೆಕೊ ಇಲ್ಲದ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ 18, ಡೆಕೊ ಡೈವ್ ಆಗಿದ್ದರೆ 18ಕ್ಕಿಂತ ಸಾಕಷ್ಟು ಹೆಚ್ಚು.

ದೂರು 6: ಪರದೆ ಮಂಕು, ತಾನಾಗಿ ಆಫ್, ಅಥವಾ ಆಫ್ ಆಗುವುದೇ ಇಲ್ಲ

ಮೇಲೆ ಬ್ಯಾಟರಿ ಅರ್ಧ ಇತ್ತು, ತಣ್ಣನೆಯ ನೀರಿನಲ್ಲಿ ಸತ್ತುಹೋಯಿತು ಅಂದರೆ ಬ್ಯಾಟರಿಯೇ ಕಾರಣ. ಚಳಿಯಲ್ಲಿ ವೋಲ್ಟೇಜ್ ಬೀಳುತ್ತದೆ. ಅರ್ಧಕ್ಕೆ ಬಂದಾಗಲೇ ಬದಲಿಸಿ. ಬದಲಿಸುವಾಗ ಓ-ರಿಂಗ್ ಹೊಸದು ಹಾಕಿ, ತೆಳುವಾಗಿ ಸಿಲಿಕಾನ್ ಗ್ರೀಸ್ ಸವರಿ, ಒಂದು ಕೂದಲೆಳೆಯೂ ಅಂಟಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿ. ಡೈವ್‌ಗಳ ನಡುವೆ ಬದಲಿಸಬೇಡಿ, ಬಾಕಿ ಅಳಿಸುವ ಕಥೆ ಆಗಲೇ ಹೇಳಿದೆ.

ಡೈವ್ ಮುಗಿದು ಗಂಟೆಯಾದರೂ ಡೈವ್ ಮೋಡ್‌ನಲ್ಲೇ ಇದೆ ಅಂದರೆ ನೀರನ್ನು ಗುರುತಿಸುವ ಲೋಹದ ಬಿಂದುಗಳ ನಡುವೆ ಉಪ್ಪು ನೀರು ಉಳಿದಿದೆ. ತೊಳೆದು ಬಟ್ಟೆಯಲ್ಲಿ ಒರೆಸಿದರೆ ಸಾಕು. ಒದ್ದೆ ಚೀಲದೊಳಗೆ ಬಿಟ್ಟರೆ ರಾತ್ರಿಯಿಡೀ ಎಚ್ಚರವಾಗಿದ್ದು ಬ್ಯಾಟರಿ ತಿನ್ನುತ್ತದೆ.

ಟ್ಯಾಂಕ್ ಒತ್ತಡದ ಅಂಕಿ ಆಗಾಗ ಮಾಯವಾಗುತ್ತಿದ್ದರೆ ಟ್ರಾನ್ಸ್‌ಮಿಟರ್ (ಟ್ಯಾಂಕ್ ಒತ್ತಡವನ್ನು ಕಂಪ್ಯೂಟರಿಗೆ ಕಳಿಸುವ ಸಾಧನ) ಇರುವ ಕಡೆಯ ಕೈಗೇ ಕಂಪ್ಯೂಟರ್ ಕಟ್ಟಿ. ಕ್ಯಾಮೆರಾ ಫ್ಲ್ಯಾಶ್ ಹೊಡೆದಾಗ ಮಾತ್ರ ಮಾಯವಾಗುತ್ತದೆಯಾ ನೋಡಿ. ಎರಡೂ ಅಲ್ಲದಿದ್ದರೆ ಟ್ರಾನ್ಸ್‌ಮಿಟರ್ ಬ್ಯಾಟರಿ. ಏನೇ ಆದರೂ ಮುಳ್ಳಿನ ಗೇಜ್ ಒಂದು ಜೊತೆಗಿರಲಿ.

ಗಾಜಿನ ಒಳಗೆ ಮಂಜು ಅಥವಾ ಹನಿ ಕಂಡರೆ ಬ್ಯಾಟರಿ ತೆಗೆದು ಸರ್ವಿಸ್‌ಗೆ ಕಳಿಸಿ. ಕಳಿಸುವಾಗ 'ಸರಿಯಾಗಿ ಕೆಲಸ ಮಾಡ್ತಿಲ್ಲ' ಅಂತ ಚೀಟಿ ಬರೆದರೆ ಅವರೂ ಆನ್ ಮಾಡಿ, ಆಗುತ್ತಿದೆ ಅಂತ ವಾಪಸ್ ಕಳಿಸುತ್ತಾರೆ. ಹೀಗೆ ಬರೆಯಿರಿ: ಯಾವ ಆಳದಲ್ಲಿ, ಡೈವ್ ಶುರುವಾಗಿ ಎಷ್ಟನೇ ನಿಮಿಷಕ್ಕೆ, ನೀರು ಎಷ್ಟು ತಣ್ಣಗಿತ್ತು, ಗ್ಯಾಸ್ ಮತ್ತು ಕನ್ಸರ್ವೆಟಿಸಂ ಏನಿತ್ತು, ಪಕ್ಕದ ಕಂಪ್ಯೂಟರ್ ಅದೇ ಹೊತ್ತಿಗೆ ಏನು ತೋರಿಸುತ್ತಿತ್ತು. ಹಗ್ಗದ ಪರೀಕ್ಷೆಯ ಅಂಕಿಗಳಿದ್ದರೆ ಅವನ್ನೂ ಸೇರಿಸಿ. ಬ್ಯಾಟರಿ ತೆಗೆಯುವ ಮೊದಲು ಆ ಡೈವ್‌ನ ಲಾಗ್ ಇಳಿಸಿಕೊಂಡು ಫೈಲ್ ಜೊತೆಗೆ ಕೊಡಿ.